ಗುಡವಿಯ ಹಕ್ಕಿ, ನ್ಯೂಯಾರ್ಕಿನ ಕೋಳಿ, ದೊಡ್ಡಪ್ಪನ ಕವಳ: ಕ್ಯಾನ್ಸರ್ ಗಡ್ಡೆ ಹುಟ್ಟೋದು ಹೇಗೆ ಅಂತ ಗೊತ್ತಾದ ಕತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತು ಒಂದು ಕೆರೆಯಿಂದ ಶುರು ಮಾಡೋಣ. ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಗುಡವಿ. ಸೊರಬದಿಂದ ಬನವಾಸಿ ಕಡೆ ಹೋಗೋ ದಾರಿಯಲ್ಲಿ ಸಿಗುತ್ತೆ. ಮಳೆಗಾಲ ಹಿಡಿದು ಕೆರೆ ತುಂಬಿತು ಅಂದ್ರೆ ನೀರೊಳಗೆ ನಿಂತ ಮರಗಳ ತುಂಬ ಹಕ್ಕಿಗಳೇ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಬಿಳಿ ಕೆಂಬರಲು, ಚಮಚದಂಥ ಕೊಕ್ಕಿನ ಹಕ್ಕಿ. ಗೂಡು ಕಟ್ಟಿ, ಮರಿ ಮಾಡಿ, ಮರಿ ಹಾರೋವರೆಗೂ ಇರ್ತವೆ. ಸುತ್ತ ಗದ್ದೆ, ಅದರಾಚೆ ಅಡಿಕೆ ತೋಟ.

ನಮ್ಮ ದೊಡ್ಡಪ್ಪ ಆ ಕಡೆಯವರು. ನಾವು ಚಿಕ್ಕವರಿದ್ದಾಗ ರಜೆಗೆ ಹೋದರೆ ಸೈಕಲ್ ಹಿಂದೆ ಕೂರಿಸ್ಕೊಂಡು ಹಕ್ಕಿ ತೋರಿಸೋಕೆ ಕರ್ಕೊಂಡು ಹೋಗೋರು. ದಾರಿಯುದ್ದಕ್ಕೂ ಬಾಯಲ್ಲಿ ಕವಳ. ಕವಳ ಅಂದ್ರೆ ಗೊತ್ತಲ್ಲ, ಎಲೆ, ಅಡಿಕೆ, ಸುಣ್ಣ, ಜೊತೆಗೊಂದು ಚೂರು ಹೊಗೆಸೊಪ್ಪು. ಮಲೆನಾಡಲ್ಲಿ ಮನೆಗೆ ಬಂದೋರಿಗೆ ಮೊದಲು ನೀರು, ಆಮೇಲೆ ಕವಳದ ತಟ್ಟೆ. ಅದು ಮರ್ಯಾದೆ.

ಕೆಲವು ವರ್ಷದ ಹಿಂದೆ ದೊಡ್ಡಪ್ಪನಿಗೆ ಬಾಯಿ ಸರಿಯಾಗಿ ತೆರೆಯೋಕಾಗ್ತಿಲ್ಲ ಅಂತ ಶುರುವಾಯ್ತು. ಖಾರ ತಿಂದ್ರೆ ಉರಿ. ಕೆನ್ನೆ ಒಳಗೊಂದು ಬಿಳಿ ಮಚ್ಚೆ. "ಉಷ್ಣ ಆಗಿದೆ" ಅಂತ ಮಜ್ಜಿಗೆ ಕುಡಿದರು. ಮಚ್ಚೆ ಹುಣ್ಣಾಯ್ತು. ಯಾರೋ ಹೇಳಿದ ನಾಟಿ ಔಷಧಿ ಹಚ್ಚಿದರು. ಹೀಗೆ ಹೆಚ್ಚುಕಡಿಮೆ ಒಂದು ವರ್ಷ ಕಳೆದ ಮೇಲೆ ಡಾಕ್ಟರ ಹತ್ರ ಹೋದ್ರು.

"ಎಷ್ಟು ವರ್ಷದಿಂದ ಕವಳ ಹಾಕ್ತೀರಿ ಯಜಮಾನ್ರೇ?" ಅಂತ ಡಾಕ್ಟರ್ ಕೇಳಿದರು.

"ಲೆಕ್ಕ ಇಟ್ಟಿಲ್ಲ ಸಾರ್. ಮದುವೆಗೆ ಮೊದಲಿಂದ್ಲೂ."

ಬಯಾಪ್ಸಿ ಆಯ್ತು. ಕ್ಯಾನ್ಸರ್ ಅಂತ ಬಂತು. ಆಗ ದೊಡ್ಡಪ್ಪ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಇವತ್ತಿಗೂ ಇದೆ: "ಮೂವತ್ತು ನಲವತ್ತು ವರ್ಷ ಏನೂ ಆಗದ ಬಾಯಿಗೆ ಈಗ ಯಾಕೆ ಬಂತು? ಇದೆಲ್ಲಿಂದ ಬಂತು?"

ಇದೇ ಪ್ರಶ್ನೆಯನ್ನ ಮನುಷ್ಯ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕೇಳಿದ್ದಾನೆ. ಉತ್ತರ ಸಿಕ್ಕಿದ್ದು ತೀರಾ ಇತ್ತೀಚೆಗೆ. ಅದರಲ್ಲಿ ಒಂದು ದೊಡ್ಡ ಪಾಲು ಸಿಕ್ಕಿದ್ದು ಹಕ್ಕಿಗಳಿಂದ.

ಹೊರಗಿನಿಂದ ಬಂದದ್ದಲ್ಲ

ಮೊದಲು ಹಳೇ ಕಾಲಕ್ಕೆ ಹೋಗೋಣ. ಸುಶ್ರುತ ಸಂಹಿತೆಯಲ್ಲಿ 'ಅರ್ಬುದ' ಅಂತ ಒಂದು ಮಾತಿದೆ. ದುಂಡಗೆ, ಗಟ್ಟಿಯಾಗಿ, ಆಳಕ್ಕೆ ಬೇರು ಬಿಟ್ಟು, ನಿಧಾನವಾಗಿ ಬೆಳೆಯೋ ಗಡ್ಡೆ, ಕೀವಾಗೋದಿಲ್ಲ ಅನ್ನೋ ವಿವರಣೆ. ನಮ್ಮ ಕನ್ನಡದಲ್ಲಿ ಇವತ್ತಿಗೂ 'ಅರ್ಬುದ ರೋಗ' ಅಂತಾರಲ್ಲ, ಅದೇ ಪದ. ಗ್ರೀಕರಿಗೆ ಅದು ಏಡಿಯ ಹಾಗೆ ಕಂಡಿತು, ಅದಕ್ಕೇ ಕ್ಯಾನ್ಸರ್ ಅನ್ನೋ ಹೆಸರು. ಇಬ್ಬರೂ ಕಾಯಿಲೆಯನ್ನ ಚೆನ್ನಾಗಿ ನೋಡಿದ್ದರು. ಕಾರಣ ಮಾತ್ರ ದೋಷಗಳಲ್ಲಿ, ದೇಹದೊಳಗಿನ ರಸಗಳಲ್ಲಿ ಹುಡುಕಿದರು. ಬೇರೆ ದಾರಿನೂ ಇರಲಿಲ್ಲ. ಕಣ್ಣಿಗೆ ಕಾಣದ್ದನ್ನ ನೋಡೋ ಸಲಕರಣೆನೇ ಇರಲಿಲ್ಲವಲ್ಲ.

ಹಾಗಂತ ರೋಗಿಗಳನ್ನ ಕೈಬಿಟ್ಟಿದ್ದರು ಅಂತಲ್ಲ. ಗುಡವಿಯ ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ ಬಳ್ಳಿಗಾವಿ ಇದೆ, ಅಲ್ಲಮಪ್ರಭುವಿನ ಊರು. ಅಲ್ಲಿನ ಕೋಡಿಮಠವನ್ನ ವರ್ಣಿಸೋ 1162ರ ಶಾಸನ ಒಂದಿದೆ. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗೋ ಜಾಗ ಅಂತ ಅದು ಆ ಮಠವನ್ನ ಹೊಗಳುತ್ತೆ. 850 ವರ್ಷಕ್ಕೂ ಹಿಂದೆ! ಆರೈಕೆ ಇತ್ತು, ಔಷಧಿ ಇತ್ತು. ಆದರೆ ಗಡ್ಡೆ ಯಾಕೆ ಬರುತ್ತೆ ಅನ್ನೋದು ಅಲ್ಲಿಯೂ, ಯೂರೋಪಿನಲ್ಲಿಯೂ, ಎಲ್ಲಿಯೂ ಗೊತ್ತಿರಲಿಲ್ಲ.

ಮೊದಲ ದೊಡ್ಡ ಸುಳಿವು ಸಿಕ್ಕಿದ್ದು 1775ರಲ್ಲಿ, ಲಂಡನ್ನಿನಲ್ಲಿ. ಪರ್ಸಿವಲ್ ಪಾಟ್ ಅನ್ನೋ ಸರ್ಜನ್ ಒಂದು ವಿಷಯ ಗಮನಿಸಿದ. ಮನೆಗಳ ಹೊಗೆಗೂಡಿನೊಳಗೆ ಇಳಿದು ಮಸಿ ತೆಗೆಯೋ ಹುಡುಗರಿದ್ದರು. ಅವರಿಗೆ ದೊಡ್ಡವರಾದ ಮೇಲೆ ವೃಷಣದ ಚರ್ಮದಲ್ಲಿ ಕ್ಯಾನ್ಸರ್ ಬರ್ತಿತ್ತು. ಚಿಕ್ಕಂದಿನಲ್ಲಿ ಅಂಟಿದ ಮಸಿಗೆ ಎಷ್ಟೋ ವರ್ಷ ಆದ ಮೇಲೆ ಕಾಯಿಲೆ. ನಡುವಿನ ಆ ವರ್ಷಗಳಲ್ಲಿ ಒಳಗೆ ಏನು ನಡೀತಿತ್ತು? ಪಾಟ್‌ಗೆ ಗೊತ್ತಿರಲಿಲ್ಲ. ದೊಡ್ಡಪ್ಪನ ಪ್ರಶ್ನೆಯೂ ಇದೇ ತಾನೆ?

1838ರಲ್ಲಿ ಜರ್ಮನಿಯ ಯೋಹಾನೆಸ್ ಮುಲ್ಲರ್ ಮೈಕ್ರೋಸ್ಕೋಪ್ ಹಿಡಿದು, ಗಡ್ಡೆ ಅನ್ನೋದೂ ಜೀವಕೋಶಗಳಿಂದಲೇ ಆಗಿದೆ ಅಂತ ತೋರಿಸಿದರು. ಅವರ ಶಿಷ್ಯ ರುಡಾಲ್ಫ್ ವಿರ್ಕೋವ್ 1850ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಪ್ರತಿಯೊಂದು ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟೋದು. ಅಂದ್ರೆ ಅರ್ಥ ಏನು? ಕ್ಯಾನ್ಸರ್ ಕೋಶ ಎಲ್ಲಿಂದಲೋ ಬಂದು ಸೇರಿಕೊಂಡದ್ದಲ್ಲ. ಅದು ನಮ್ಮದೇ ಕೋಶದ ಮಗು. ನಮ್ಮದೇ ಮನೆಯಲ್ಲಿ ಹುಟ್ಟಿ ದಾರಿ ತಪ್ಪಿದ್ದು.

ಹಾಗಾದರೆ ದಾರಿ ತಪ್ಪಿಸಿದ್ದು ಯಾವುದು? ಇದಕ್ಕೆ ಥಿಯೋಡೋರ್ ಬೊವೆರಿ ಅನ್ನೋ ಜೀವಶಾಸ್ತ್ರಜ್ಞ 1914ರಲ್ಲಿ ಒಂದು ಪುಸ್ತಕದಲ್ಲಿ ಉತ್ತರ ಕೊಟ್ಟರು. ಅವರು ಕ್ಯಾನ್ಸರ್ ರೋಗಿಗಳನ್ನ ನೋಡಿದವರಲ್ಲ. ಸಮುದ್ರದ ಮುಳ್ಳುಚೆಂಡಿನಂಥ ಪ್ರಾಣಿಯ ಮೊಟ್ಟೆಗಳನ್ನ ನೋಡ್ತಾ ಕೂತವರು. ಕ್ರೋಮೋಸೋಮುಗಳ ಹಂಚಿಕೆ ತಪ್ಪಿದರೆ ಕೋಶದ ಬೆಳವಣಿಗೆನೇ ಹದಗೆಡೋದನ್ನ ಕಂಡಿದ್ದರು. ಅದರ ಮೇಲಿಂದ ಊಹಿಸಿದರು: ಕೋಶದೊಳಗೆ ಬೆಳೆಯೋಕೆ ಹೇಳೋ ಭಾಗಗಳೂ ಇರಬೇಕು, ಬೆಳೀಬೇಡ ಅಂತ ತಡೆಯೋ ಭಾಗಗಳೂ ಇರಬೇಕು. ಈ ಲೆಕ್ಕ ತಪ್ಪಿದಾಗ ಕ್ಯಾನ್ಸರ್. ಮುಂದಿನ ವರ್ಷವೇ ಬೊವೆರಿ ತೀರಿಕೊಂಡರು. ಊಹೆ ಸರಿ ಅಂತ ಗೊತ್ತಾಗೋಕೆ ಅರವತ್ತು ಎಪ್ಪತ್ತು ವರ್ಷ ಹಿಡಿಯಿತು.

ಕೋಳಿ ತಂದ ಗೊಂದಲ

ಈಗ ಹಕ್ಕಿ ಕತೆ. 1909, ನ್ಯೂಯಾರ್ಕ್. ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಪೇಟನ್ ರೌಸ್ ಅನ್ನೋ 30 ವರ್ಷದ ವೈದ್ಯ ಇದ್ದರು. ಎದೆಯಲ್ಲಿ ದೊಡ್ಡ ಗಡ್ಡೆ ಇದ್ದ ಪ್ಲಿಮತ್ ರಾಕ್ ತಳಿಯ ಕೋಳಿಯೊಂದು ಅವರ ಕೈಗೆ ಬಂತು. ರೌಸ್ ಆ ಗಡ್ಡೆಯ ಚೂರನ್ನ ಅದೇ ತಳಿಯ ಬೇರೆ ಕೋಳಿಗಳಿಗೆ ಕಸಿ ಮಾಡಿದರು. ಅವುಗಳಿಗೂ ಗಡ್ಡೆ ಬಂತು. ಸರಿ, ಕೋಶ ಹಾಕಿದ್ದೀರಿ, ಕೋಶ ಬೆಳೀತು, ಅದರಲ್ಲೇನು ವಿಶೇಷ?

ವಿಶೇಷ ಇರೋದು ಮುಂದೆ. ಗಡ್ಡೆಯನ್ನ ಅರೆದು, ಒಂದು ಕೋಶವೂ ದಾಟದಷ್ಟು ಸಣ್ಣ ಜರಡಿಯಲ್ಲಿ ಸೋಸಿ, ಬರೀ ತಿಳಿಯನ್ನ ಚುಚ್ಚಿದರು. ಆಗಲೂ ಗಡ್ಡೆ ಬಂತು! ಅಂದ್ರೆ ಕೋಶಕ್ಕಿಂತ ಎಷ್ಟೋ ಚಿಕ್ಕದಾದ ಏನೋ ಒಂದು, ಒಳ್ಳೇ ಕೋಶವನ್ನ ಕ್ಯಾನ್ಸರ್ ಕೋಶ ಮಾಡ್ತಿದೆ. ಅದು ವೈರಸ್. 1911ರಲ್ಲಿ ರೌಸ್ ಇದನ್ನ ಪ್ರಕಟಿಸಿದರು.

ಸೊರಬದವರಿಗೆ ವೈರಸ್ ಹೊಸದಲ್ಲ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾಗಿ, ಉಣುಗಿನ ಮೂಲಕ ಹರಡೋ ಹೊಸ ವೈರಸ್ ಒಂದು ಪತ್ತೆಯಾಯ್ತು. ಅದೇ ಮಂಗನ ಕಾಯಿಲೆ. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಇವತ್ತಿಗೂ ಅದು ಕ್ಯಾಸನೂರಿನ ಹೆಸರಲ್ಲೇ ಇದೆ. ವೈರಸ್ ಬಂದರೆ ಜ್ವರ ಬರುತ್ತೆ, ರಕ್ತಸ್ರಾವ ಆಗುತ್ತೆ, ಇದು ಅರ್ಥವಾಗುತ್ತೆ. ಆದರೆ ವೈರಸ್ ಬಂದರೆ ಗಡ್ಡೆ ಬರುತ್ತೆ ಅಂದ್ರೆ? ಕ್ಯಾನ್ಸರ್ ಅಂಟುರೋಗ ಅಲ್ಲವಲ್ಲ? ಮನೆಯಲ್ಲಿ ಒಬ್ಬರಿಗೆ ಬಂದರೆ ಪಕ್ಕದಲ್ಲಿ ಕೂತು ಉಂಡವರಿಗೆ ಬರೋದಿಲ್ಲವಲ್ಲ? ಬಹಳ ಜನ ವಿಜ್ಞಾನಿಗಳು ರೌಸ್ ಕೆಲಸವನ್ನ "ಅದು ಕೋಳಿ ಕಾಯಿಲೆ" ಅಂತ ಪಕ್ಕಕ್ಕಿಟ್ಟರು. ರೌಸ್‌ಗೆ ನೊಬೆಲ್ ಬಂದದ್ದು 1966ರಲ್ಲಿ, ಅಂದ್ರೆ 55 ವರ್ಷ ಕಳೆದು, ಅವರ 87ನೇ ವಯಸ್ಸಿನಲ್ಲಿ.

ಈ ಕಡೆ 1915ರಲ್ಲಿ ಜಪಾನಿನ ಯಾಮಾಗಿವ ಮತ್ತು ಇಚಿಕಾವ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರು ಹಚ್ಚಿ ಹಚ್ಚಿ ಕ್ಯಾನ್ಸರ್ ಬರಿಸಿದರು. ಪಾಟ್ ಹೇಳಿದ ಮಸಿಯ ಕತೆ ನಿಜವಾಯ್ತು. ಈಗ ಗೊಂದಲ ಜಾಸ್ತಿಯಾಯ್ತು. ವೈರಸ್ಸಿನಿಂದಲೂ ಬರುತ್ತೆ, ಟಾರಿನಿಂದಲೂ ಬರುತ್ತೆ, ಎಕ್ಸ್‌ರೇಯಿಂದಲೂ ಬರುತ್ತೆ, ಕೆಲವು ಮನೆತನದಲ್ಲಿ ಹುಟ್ಟಿನಿಂದಲೇ ಬರುತ್ತೆ. ಎಲ್ಲಕ್ಕೂ ಸೇರಿ ಒಂದೇ ಬಾಗಿಲು ಇದೆಯಾ?

ಎಲ್ಲ ಹಕ್ಕಿಯೊಳಗೂ ಇದ್ದ ಜೀನು

1970ರ ದಶಕಕ್ಕೆ ಬನ್ನಿ. ರೌಸ್ ಕಂಡ ಆ ಕೋಳಿ ವೈರಸ್ಸಿನಲ್ಲಿ ಇರೋದೇ ನಾಲ್ಕು ಜೀನು. ಅದರಲ್ಲಿ ಮೂರು ವೈರಸ್ಸಿನ ಸಂಸಾರಕ್ಕೆ ಬೇಕು. ನಾಲ್ಕನೆಯದು ಇಲ್ಲದೆ ಇದ್ದರೂ ವೈರಸ್ ಆರಾಮಾಗಿ ಮರಿ ಹಾಕ್ತಿತ್ತು, ಆದರೆ ಕ್ಯಾನ್ಸರ್ ಮಾತ್ರ ಬರ್ತಿರಲಿಲ್ಲ. ಆ ನಾಲ್ಕನೆಯದಕ್ಕೆ 'ಸಾರ್ಕ್' ಅಂತ ಹೆಸರು. ವೈರಸ್ಸಿಗೇ ಬೇಡದ ಈ ಜೀನು ವೈರಸ್ಸಿನೊಳಗೆ ಯಾಕಿದೆ?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಕಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಈ ಪ್ರಶ್ನೆ ಹಿಡಿದರು. ಅವರ ಲ್ಯಾಬಿನಲ್ಲಿದ್ದ ಫ್ರಾನ್ಸಿನ ಡೊಮಿನಿಕ್ ಸ್ಟೆಹೆಲಿನ್, ಸಾರ್ಕ್ ಜೀನಿಗೆ ಮಾತ್ರ ಅಂಟೋ ಒಂದು ತುಂಡು ತಯಾರು ಮಾಡಿದರು. ಅದನ್ನ ವೈರಸ್ ಸೋಕದ, ಆರೋಗ್ಯವಾಗಿದ್ದ ಕೋಳಿಯ ಡಿಎನ್‌ಎಗೆ ಸೇರಿಸಿ ನೋಡಿದರು. ಅಂಟಿಕೊಂಡಿತು! ಬಾತುಕೋಳಿಯ ಡಿಎನ್‌ಎಗೆ ಅಂಟಿಕೊಂಡಿತು. ಟರ್ಕಿ ಕೋಳಿಗೆ, ಕ್ವೇಲ್ ಹಕ್ಕಿಗೆ, ಕೊನೆಗೆ ಹಾರೋಕೂ ಬಾರದ ಆಸ್ಟ್ರೇಲಿಯಾದ ಎಮು ಹಕ್ಕಿಗೂ ಅಂಟಿಕೊಂಡಿತು. 1976ರಲ್ಲಿ ಇದು ಪ್ರಕಟವಾಯ್ತು.

ಇದರ ಅರ್ಥ ನಿಧಾನವಾಗಿ ಕೇಳಿಸ್ಕೊಳ್ಳಿ. ಕ್ಯಾನ್ಸರ್ ಜೀನು ವೈರಸ್ಸಿನದಲ್ಲ. ಅದು ಹಕ್ಕಿಯದೇ. ಯಾವುದೋ ಕಾಲದಲ್ಲಿ ವೈರಸ್ ಕೋಳಿಯ ಕೋಶದೊಳಗೆ ಹೊಕ್ಕಾಗ ಅಲ್ಲಿದ್ದ ಒಂದು ಒಳ್ಳೇ ಜೀನನ್ನ ಎತ್ತಿಕೊಂಡು ಬಂದಿತ್ತು. ಕದ್ದ ಮಾಲು ಕೈಬದಲಾಗುವಾಗ ಕೆಟ್ಟುಹೋಗಿತ್ತು. ಗುಡವಿಯ ಕೆರೆಯಲ್ಲಿ ಕೂತಿರೋ ಪ್ರತಿ ಬೆಳ್ಳಕ್ಕಿಯ ಪ್ರತಿ ಕೋಶದಲ್ಲೂ ಆ ಒಳ್ಳೇ ಜೀನು ಇದೆ. ಕೆಲವೇ ವರ್ಷಗಳಲ್ಲಿ ಮನುಷ್ಯನಲ್ಲೂ ಇದೆ ಅಂತ ಗೊತ್ತಾಯ್ತು. ಅದು ಅಲ್ಲಿರೋದು ನಮಗೆ ಕ್ಯಾನ್ಸರ್ ಬರಿಸೋಕಲ್ಲ. ಕೋಶ ಯಾವಾಗ ಬೆಳೀಬೇಕು, ಯಾವಾಗ ಒಡೆದು ಎರಡಾಗಬೇಕು ಅನ್ನೋ ಸಂದೇಶ ದಾಟಿಸೋಕೆ. ಅದು ಇಲ್ಲದಿದ್ದರೆ ನಮಗೂ ಕಷ್ಟವೇ.

1989ರ ನೊಬೆಲ್ ಬಿಷಪ್ ಮತ್ತು ವಾರ್ಮಸ್‌ಗೆ ಬಂತು. ಸ್ಟೆಹೆಲಿನ್ ಹೆಸರು ಇರಲಿಲ್ಲ, ಅವರು ಅದನ್ನ ಬಹಿರಂಗವಾಗಿಯೇ ಆಕ್ಷೇಪಿಸಿದರು. ಅದು ಬೇರೆ ಜಗಳ, ಇನ್ನೊಂದು ದಿನ ಮಾತಾಡೋಣ.

ನಮ್ಮ ಪ್ರಶ್ನೆಗೆ ಈಗ ಒಂದು ಬಾಗಿಲು ಸಿಕ್ಕಿತು. ವೈರಸ್ ಇರಲಿ, ಟಾರ್ ಇರಲಿ, ಎಕ್ಸ್‌ರೇ ಇರಲಿ, ಎಲ್ಲವೂ ಕೊನೆಗೆ ಹೊಡೆಯೋದು ನಮ್ಮದೇ ಜೀನುಗಳಿಗೆ. 1982ರಲ್ಲಿ ಇದಕ್ಕೆ ಪಕ್ಕಾ ಸಾಕ್ಷಿ ಸಿಕ್ಕಿತು. ಮನುಷ್ಯನ ಮೂತ್ರಕೋಶದ ಕ್ಯಾನ್ಸರಿನಲ್ಲಿ 'ರಾಸ್' ಅನ್ನೋ ಜೀನನ್ನ ಓದಿದಾಗ, ಒಳ್ಳೇ ಜೀನಿಗೂ ಕೆಟ್ಟ ಜೀನಿಗೂ ಇದ್ದ ವ್ಯತ್ಯಾಸ ಒಂದೇ ಒಂದು ಅಕ್ಷರ. ನಮ್ಮ ಡಿಎನ್‌ಎಯ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ ಇವೆ. ಅದರಲ್ಲಿ ಒಂದಕ್ಷರ ತಪ್ಪಾಗಿದ್ದಕ್ಕೆ 'ಸಾಕು ನಿಲ್ಲು' ಅನ್ನೋ ಮಾತೇ ಆ ಜೀನಿಗೆ ಕೇಳದ ಹಾಗಾಗಿತ್ತು.

ತೂಬು ಮತ್ತು ಏರಿ

ಆದರೆ ಒಂದು ತಪ್ಪು ಸಾಕಾ? ಸಾಕಿದ್ದರೆ ನಾವೆಲ್ಲ ಚಿಕ್ಕಂದಿನಲ್ಲೇ ಹೋಗಿರ್ತಿದ್ವಿ. ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ದಿನಾ ಎಷ್ಟೋ ಕೋಶ ಒಡೆದು ಹೊಸದಾಗ್ತವೆ. ಪ್ರತಿಸಲ ಡಿಎನ್‌ಎ ನಕಲು ಆಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗೇ ಆಗುತ್ತೆ.

ಇಲ್ಲಿ ಕೆರೆಯನ್ನೇ ನೆನಪಿಸ್ಕೊಳ್ಳಿ. ಕೆರೆಗೆ ತೂಬು ಇರುತ್ತೆ. ನೀರು ಬೇಕಾದಾಗ ಎತ್ತೋದು, ಸಾಕಾದಾಗ ಮುಚ್ಚೋದು. ಸಾರ್ಕ್, ರಾಸ್ ಥರದ ಜೀನು ತೂಬಿನ ಹಾಗೆ. ಕೆಟ್ಟರೆ ತೆರೆದಲ್ಲೇ ಸಿಕ್ಕಿಕೊಳ್ಳುತ್ತೆ, ಬೆಳವಣಿಗೆ ಹರೀತಾನೇ ಇರುತ್ತೆ. ಹಾಗೆಯೇ ಕೆರೆಗೆ ಏರಿ ಇರುತ್ತೆ. ಅದರ ಕೆಲಸ ತಡೆಯೋದು. ಬೊವೆರಿ ಊಹಿಸಿದ 'ತಡೆಯೋ ಭಾಗ' ಇದು.

ಏರಿಯಂಥ ಜೀನುಗಳು ಇವೆ ಅಂತ ಲೆಕ್ಕ ಹಾಕಿ ತೋರಿಸಿದ್ದು ಅಮೆರಿಕದ ಮಕ್ಕಳ ವೈದ್ಯ ಆಲ್ಫ್ರೆಡ್ ನಡ್ಸನ್. 1971ರಲ್ಲಿ ಅವರು ಮಕ್ಕಳ ಕಣ್ಣಿನ ಒಂದು ಕ್ಯಾನ್ಸರಿನ 48 ಕೇಸುಗಳನ್ನ ಹಿಡಿದು ಕೂತರು. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದ ಮಕ್ಕಳಿಗೆ ಇನ್ನೊಂದು ಕೆಟ್ಟರೆ ಸಾಕು, ಕಾಯಿಲೆ ಬೇಗ ಬರುತ್ತೆ, ಎರಡೂ ಕಣ್ಣಿಗೆ ಬರಬಹುದು. ಉಳಿದವರಿಗೆ ಒಂದೇ ಕೋಶದಲ್ಲಿ ಎರಡು ಏಟೂ ಬೀಳಬೇಕು, ಅದು ಅಪರೂಪ, ತಡವಾಗಿ ಬರುತ್ತೆ. 1986ರಲ್ಲಿ ಆ ಜೀನು ಕೈಗೆ ಸಿಕ್ಕಿತು, ನಡ್ಸನ್ ಲೆಕ್ಕ ಸರಿಯಾಗಿತ್ತು.

ಏರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಪಿ53. 1979ರಲ್ಲಿ ಸಿಕ್ಕಾಗ ಇದೂ ಕ್ಯಾನ್ಸರ್ ಬೆಳೆಸೋದೇ ಅಂದುಕೊಂಡಿದ್ದರು. ಹತ್ತು ವರ್ಷ ಬೇಕಾಯ್ತು, ಅಲ್ಲ ಇದು ತಡೆಯೋದು ಅಂತ ತಿಳಿಯೋಕೆ. ಡಿಎನ್‌ಎಗೆ ಪೆಟ್ಟು ಬಿದ್ದರೆ ಪಿ53 ಕೋಶವನ್ನ ನಿಲ್ಲಿಸುತ್ತೆ, ರಿಪೇರಿ ಆಗಲಿ ಅಂತ ಕಾಯುತ್ತೆ. ರಿಪೇರಿ ಆಗದಿದ್ದರೆ ಆ ಕೋಶವೇ ಸಾಯೋ ಹಾಗೆ ಮಾಡುತ್ತೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಅತಿ ಹೆಚ್ಚು ಸಲ ಕೆಟ್ಟಿರೋ ಜೀನು ಇದೇ.

ಹಾಗಾದರೆ ಒಟ್ಟು ಎಷ್ಟು ಏಟು ಬೇಕು? 1954ರಲ್ಲೇ, ಈ ಜೀನುಗಳ ಹೆಸರೂ ಗೊತ್ತಿಲ್ಲದಾಗ, ಬ್ರಿಟನ್ನಿನ ಆರ್ಮಿಟೇಜ್ ಮತ್ತು ಡಾಲ್ ಯಾವ ವಯಸ್ಸಿನಲ್ಲಿ ಎಷ್ಟು ಜನ ಕ್ಯಾನ್ಸರಿನಿಂದ ಸಾಯ್ತಾರೆ ಅನ್ನೋ ಅಂಕಿ ಇಟ್ಕೊಂಡು ಲೆಕ್ಕ ಹಾಕಿದ್ದರು. ಆರೇಳು ಹಂತ ಇರಬೇಕು ಅಂತ ಬಂತು. 1976ರಲ್ಲಿ ಪೀಟರ್ ನೊವೆಲ್ ಇನ್ನೊಂದು ಮುಖ್ಯ ಮಾತು ಹೇಳಿದರು: ಇದು ಒಂದೇ ಕೋಶದ ವಂಶ. ಒಂದು ಕೋಶಕ್ಕೆ ಮೊದಲ ಏಟು ಬೀಳುತ್ತೆ. ಅದು ಪಕ್ಕದವರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತೆ. ಅದರ ಸಾವಿರಾರು ಮಕ್ಕಳಲ್ಲಿ ಯಾವುದೋ ಒಂದಕ್ಕೆ ಎರಡನೇ ಏಟು. ಅದರ ವಂಶ ಇನ್ನೂ ಜೋರು. ಹೀಗೆ ಪ್ರತಿ ಹಂತದಲ್ಲೂ ಗಟ್ಟಿಗ ಗೆಲ್ತಾ ಹೋಗ್ತಾನೆ. ತೋಟದಲ್ಲಿ ಕಳೆ ಹೇಗೆ ಗೆಲ್ಲುತ್ತೋ ಹಾಗೇ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, 30 ಸಲ ದ್ವಿಗುಣವಾದರೆ 100 ಕೋಟಿ ದಾಟುತ್ತೆ. ಆಮೇಲೆ ರಕ್ತನಾಳಗಳನ್ನ ತನ್ನ ಕಡೆ ಎಳೆದುಕೊಳ್ಳುತ್ತೆ, ಗಡಿ ದಾಟಿ ಕುತ್ತಿಗೆಯ ಗಂಟುಗಳಿಗೆ, ಶ್ವಾಸಕೋಶಕ್ಕೆ ಹೋಗಿ ಮನೆ ಮಾಡುತ್ತೆ.

"ಮೂವತ್ತು ನಲವತ್ತು ವರ್ಷ ಏನೂ ಆಗದ ಬಾಯಿಗೆ ಈಗ ಯಾಕೆ ಬಂತು?" ದೊಡ್ಡಪ್ಪಾ, ಏನೂ ಆಗದೆ ಇರಲಿಲ್ಲ. ಒಳಗೆ ಒಂದೊಂದೇ ಏಟು ಬೀಳ್ತಿತ್ತು. ಕಾಣ್ತಿರಲಿಲ್ಲ ಅಷ್ಟೆ.

ಕವಳದ ಲೆಕ್ಕ

ಈಗ ಕಷ್ಟದ ಭಾಗ. ಸೊರಬ, ಶಿಕಾರಿಪುರ, ಸಾಗರ, ಆಚೆ ಶಿರಸಿ, ಸಿದ್ದಾಪುರ, ಈ ಕಡೆಯ ಎಷ್ಟೋ ಮನೆ ನಡೆಯೋದೇ ಅಡಿಕೆಯಿಂದ. ಮಕ್ಕಳ ಫೀಸು, ಮದುವೆ, ಮನೆ ಸಾಲ, ಎಲ್ಲ ರಾಶಿ ಅಡಿಕೆ ರೇಟಿನ ಮೇಲೆ. ಕೊನೆ ಇಳಿಸೋರು, ಸುಲಿಯೋಕೆ ಬರೋ ಹೆಂಗಸರು, ಬೇಯಿಸೋರು, ಅಂಗಳದಲ್ಲಿ ಒಣಗಿಸೋರು, ಎಲ್ಲರ ಕೂಲಿ ಅದರಲ್ಲೇ. ನನ್ನ ಕಾಲೇಜು ಫೀಸಲ್ಲೂ ದೊಡ್ಡಪ್ಪನ ಅಡಿಕೆ ದುಡ್ಡಿದೆ. ಹಾಗಾಗಿ ಇದನ್ನ ಹೇಳುವಾಗ ನನಗೆ ಸಲೀಸಿಲ್ಲ. ಆದರೂ ಗೊತ್ತಿರೋದನ್ನ ಗೊತ್ತಿರೋ ಹಾಗೆ ಹೇಳಬೇಕು.

ಎಲೆಅಡಿಕೆ ಮತ್ತು ಬಾಯಿ ಕ್ಯಾನ್ಸರಿನ ನಂಟಿನ ಬಗ್ಗೆ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ದಕ್ಷಿಣ ಭಾರತದ ವೈದ್ಯರು ಬರೆದಿದ್ದಾರೆ. 1933ರಲ್ಲಿ ತಿರುವಾಂಕೂರಿನ ಎಲೆಅಡಿಕೆ ಜಗಿಯೋರ ಬಾಯಿ ಕ್ಯಾನ್ಸರ್ ಬಗ್ಗೆ ಡಾಕ್ಟರ್ ಆರ್ ಬರೆದ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 1952ರಲ್ಲಿ ಶ್ವಾರ್ಟ್ಸ್ ಅನ್ನೋ ವೈದ್ಯ, ಪೂರ್ವ ಆಫ್ರಿಕಾದಲ್ಲಿದ್ದ ಐದು ಜನ ಭಾರತೀಯ ಹೆಂಗಸರಲ್ಲಿ ಬಾಯಿ ಬಿಗಿದುಕೊಳ್ಳೋ ಕಾಯಿಲೆಯನ್ನ ವಿವರಿಸಿದರು. ಮರು ವರ್ಷ ಮುಂಬೈನ ಜೋಶಿ ಅದಕ್ಕೆ ಕೊಟ್ಟ ಹೆಸರೇ ಇವತ್ತು ದಂತವೈದ್ಯರು ಹೇಳೋ 'ಸಬ್‌ಮ್ಯೂಕಸ್ ಫೈಬ್ರೋಸಿಸ್'. ಕೆನ್ನೆಯ ಒಳಪದರದ ಕೆಳಗೆ ನಾರು ಕಟ್ಟಿ, ಬಾಯಿ ತೆರೆಯೋದು ಕಮ್ಮಿ ಕಮ್ಮಿ ಆಗ್ತಾ ಬರೋದು.

1985ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿರೋ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಹೊಗೆಸೊಪ್ಪು ಹಾಕಿದ ಕವಳ ಕ್ಯಾನ್ಸರ್ ತರುತ್ತೆ ಅಂತ ಹೇಳಿತು. ಆಗ ನಮ್ಮ ಕಡೆ ಎಲ್ಲರೂ ಹೇಳ್ತಿದ್ದ ಮಾತು, "ತಪ್ಪು ಹೊಗೆಸೊಪ್ಪಿಂದು, ಅಡಿಕೆದಲ್ಲ." ಆದರೆ 2003ರಲ್ಲಿ ಅದೇ ಸಂಸ್ಥೆ ಸಾಕ್ಷ್ಯಗಳನ್ನ ಮತ್ತೆ ಪರಿಶೀಲಿಸಿತು. ಹೊಗೆಸೊಪ್ಪಿಲ್ಲದ ಕವಳವೂ, ಅಡಿಕೆ ಮಾತ್ರವೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅನ್ನೋ ತೀರ್ಮಾನಕ್ಕೆ ಬಂತು. ಬೆಳೆಗಾರರು ಇದನ್ನ ಒಪ್ಪಿಲ್ಲ, ಅವರ ಆತಂಕ ನನಗೆ ಅರ್ಥವಾಗುತ್ತೆ. ಬೆಳೆ ಉಳೀಬೇಕು ಅನ್ನೋದು ಒಂದು ಪ್ರಶ್ನೆ. ಜೀವಕೋಶಕ್ಕೆ ಏನಾಗುತ್ತೆ ಅನ್ನೋದು ಇನ್ನೊಂದು. ಎರಡನ್ನೂ ಕಲಸಬಾರದು.

ಏನಾಗುತ್ತೆ ಒಳಗೆ? ಅಡಿಕೆಯಲ್ಲಿ ಅರೆಕೋಲಿನ್ ಅನ್ನೋ ರಾಸಾಯನಿಕ ಇದೆ. ಕವಳ ಹಾಕಿದಾಗ ಮೈ ಬೆಚ್ಚಗಾಗಿ ಒಂದು ಥರ ಚುರುಕು ಬರುತ್ತಲ್ಲ, ಅದು ಇದರದ್ದೇ. ಬಾಯಲ್ಲಿ ಇದರಿಂದ ನೈಟ್ರೋಸಮೀನ್ ಅನ್ನೋ ವಸ್ತುಗಳು ಹುಟ್ಟುತ್ತವೆ, ಅವು ಡಿಎನ್‌ಎಗೆ ಪೆಟ್ಟು ಕೊಡ್ತವೆ. ಸುಣ್ಣ ಸೇರಿದಾಗ ಅಡಿಕೆಯ ಒಗರಿನ ಅಂಶಗಳಿಂದ ಆಮ್ಲಜನಕದ ಚುರುಕು ಕಣಗಳು ಎದ್ದು ಬರ್ತವೆ, ಅವೂ ಡಿಎನ್‌ಎಯನ್ನ ಕಚ್ಚುತ್ತವೆ. ಕೆನ್ನೆಯ ಒಳಪದರದ ಕೋಶಗಳು ಕೆಲವೇ ವಾರಕ್ಕೊಮ್ಮೆ ಬದಲಾಗೋವು. ಗಾಯ ಆದಷ್ಟೂ ಹೆಚ್ಚು ಬದಲಾಗಬೇಕು, ಬದಲಾದಷ್ಟೂ ನಕಲಿನ ತಪ್ಪು. ದಿನಕ್ಕೆ ಹತ್ತು ಸಲ, ಒಂದೇ ಕೆನ್ನೆಯ ಸಂದಿಯಲ್ಲಿ, ವರ್ಷಗಟ್ಟಲೆ. ಹೊಗೆಸೊಪ್ಪು ಸೇರಿದರೆ ಅದರದ್ದೇ ಬೇರೆ ವಿಷಗಳು.

ಇದು ಬರೀ ಊಹೆ ಅಲ್ಲ. 2013ರಲ್ಲಿ ಭಾರತದ್ದೇ ವಿಜ್ಞಾನಿಗಳು, ಪಶ್ಚಿಮ ಬಂಗಾಳದ ಕಲ್ಯಾಣಿಯ ಜೀನೋಮಿಕ್ಸ್ ಸಂಸ್ಥೆ ಮತ್ತು ಮುಂಬೈನ ಟಾಟಾ ಸ್ಮಾರಕ ಕೇಂದ್ರದವರು ಸೇರಿ, ನಮ್ಮಲ್ಲಿ ಹೆಚ್ಚು ಕಾಣೋ ಒಸಡು ಮತ್ತು ಕೆನ್ನೆಯ ಕ್ಯಾನ್ಸರಿನ ಜೀನುಗಳನ್ನ ಓದಿದರು. ಯಾವ ಜೀನುಗಳು ಪದೇಪದೇ ಕೆಟ್ಟಿದ್ದವು? ಪಿ53 ಇತ್ತು. ರಾಸ್ ಕುಟುಂಬದ ಜೀನೂ ಇತ್ತು. ಅಂದ್ರೆ ಕೋಳಿ, ಇಲಿ, ಮಕ್ಕಳ ಕಣ್ಣು ಅಂತ ನೂರು ವರ್ಷ ಸುತ್ತಿದ ಕತೆ ಕೊನೆಗೆ ನಮ್ಮ ಕವಳದ ಬಾಯಿಗೇ ಬಂದು ನಿಂತಿತು. ತೂಬು ಸಿಕ್ಕಿಕೊಂಡಿತ್ತು, ಏರಿ ಒಡೆದಿತ್ತು.

"ನಮ್ಮಜ್ಜ ತೊಂಬತ್ತು ವರ್ಷ ಕವಳ ಹಾಕಿದ್ದಾನೆ, ಏನೂ ಆಗಲಿಲ್ಲ" ಅಂತೀರಾ? ನಿಜ ಇರಬಹುದು. ಆರೇಳು ಏಟು ಒಂದೇ ಕೋಶದ ವಂಶಕ್ಕೆ ಬೀಳಬೇಕು ಅಂದ್ನಲ್ಲ. ಕೆಲವರಿಗೆ ಬೀಳಲಿಲ್ಲ. ಹೆಲ್ಮೆಟ್ ಇಲ್ಲದೆ ಜೀವಮಾನ ಪೂರ್ತಿ ಗಾಡಿ ಓಡಿಸಿ ಬದುಕಿದೋರೂ ಇದ್ದಾರೆ. ಅದನ್ನ ನೋಡಿ ಯಾರೂ ಹೆಲ್ಮೆಟ್ ದಂಡ ಅನ್ನೋದಿಲ್ಲ.

ಏಟುಗಳ ನಡುವಿನ ಸಮಯ

ಈ ಇತಿಹಾಸದಿಂದ ಕಲೀಬೇಕಾದ್ದು ಭಯ ಅಲ್ಲ. ಕ್ಯಾನ್ಸರ್ ಒಂದು ದಿನದಲ್ಲಿ ಆಗೋದಿಲ್ಲ, ವರ್ಷಗಟ್ಟಲೆ ತಗೊಳ್ಳುತ್ತೆ ಅನ್ನೋದೇ ನಮ್ಮ ಕೈಯಲ್ಲಿರೋ ಸಮಯ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಬಿಗಿದ ಬಾಯಿ, ಇವು ದಾರಿಯ ಮಧ್ಯದ ಗುರುತುಗಳು. ಅಲ್ಲೇ ನಿಲ್ಲಿಸಬಹುದು. ಕವಳ, ಗುಟ್ಕಾ ಬಿಟ್ಟರೆ ಹೊಸ ಏಟು ಬೀಳೋದು ಕಮ್ಮಿಯಾಗುತ್ತೆ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಯ್ತು. 1980ರ ದಶಕದ ಆರಂಭದಿಂದ ಬೆಂಗಳೂರಿನ ಕ್ಯಾನ್ಸರ್ ಕೇಸುಗಳ ಲೆಕ್ಕ ಅಲ್ಲಿ ಇಡ್ತಾ ಬಂದಿದ್ದಾರೆ. ಭಾರತದ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಅತಿ ಹೆಚ್ಚು ಕಾಣೋ ಕ್ಯಾನ್ಸರುಗಳಲ್ಲಿ ಒಂದು. ಅಮೆರಿಕ, ಯೂರೋಪಿನಲ್ಲಿ ಹಾಗಿಲ್ಲ. ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೇನಾಯ್ತು ನಿಮಗೇ ಗೊತ್ತು. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಅಂಗಡಿ ಮುಂದೆ ನಿಂತು ಬೆರೆಸ್ಕೊಳ್ಳೋದು. ನಮ್ಮ ದೊಡ್ಡಪ್ಪನಿಗೆ ಮೂವತ್ತು ನಲವತ್ತು ವರ್ಷ ಹಿಡಿದಿತ್ತು. ಇವತ್ತು ಹೈಸ್ಕೂಲಲ್ಲೇ ಪ್ಯಾಕೆಟ್ ಹರಿಯೋಕೆ ಶುರು ಮಾಡೋ ಹುಡುಗನ ಲೆಕ್ಕ ಅಷ್ಟು ಬೇಗ ಶುರುವಾಗುತ್ತೆ, ಅಷ್ಟು ಬೇಗ ಮುಗಿಯುತ್ತೆ.

ಹಾಗಾಗಿ ಒಂದು ಕೆಲಸ ಹೇಳ್ತೀನಿ. ಇವತ್ತು ರಾತ್ರಿ ಹಲ್ಲುಜ್ಜುವಾಗ ಫೋನ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ಕೆನ್ನೆ ಒಳಗೆ, ನಾಲಿಗೆಯ ಪಕ್ಕ, ನಾಲಿಗೆಯ ಕೆಳಗೆ ನೋಡಿ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತಾ ನೋಡಿ. ಮನೆಯಲ್ಲಿ ಕವಳ ಹಾಕೋರು ಇದ್ದರೆ ಅವರದ್ದೂ ನೋಡಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಮಚ್ಚೆ, ಗಂಟು ಇದ್ದರೆ ಹಲ್ಲಿನ ಡಾಕ್ಟರ ಹತ್ರವೋ ಸರ್ಕಾರಿ ಆಸ್ಪತ್ರೆಗೋ ಕರ್ಕೊಂಡು ಹೋಗಿ. ಖರ್ಚಿನ ಭಯ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ, ಅಲ್ಲೇ ವಿಚಾರಿಸಿ. ನಾಟಿ ಔಷಧಿ ಹಚ್ಚಿ ಕಾಯಬೇಡಿ. ಕಾಯುವಾಗ ಆ ಕೋಶದ ವಂಶ ಕಾಯೋದಿಲ್ಲ.

ದೊಡ್ಡಪ್ಪನಿಗೆ ಆಪರೇಷನ್ ಆಯ್ತು, ರೇಡಿಯೇಷನ್ ಆಯ್ತು. ಕೆನ್ನೆಯ ಒಂದು ಭಾಗ ತೆಗೆದರು. ಇದ್ದಾರೆ. ಗಂಜಿ, ಮೆತ್ತಗೆ ಕಲಸಿದ ಅನ್ನ ಊಟ. ಮಾತು ಸ್ವಲ್ಪ ತೊದಲುತ್ತೆ, ಮನೆಯವರಿಗೆ ಅರ್ಥವಾಗುತ್ತೆ. ಮೊನ್ನೆ ಮಳೆಗಾಲದಲ್ಲಿ ಅವರನ್ನ ಕಾರಲ್ಲಿ ಕೂರಿಸ್ಕೊಂಡು ಗುಡವಿಗೆ ಹೋಗಿದ್ದೆ. ಕೋಳಿಯ ಕತೆ, ಈ ಹಕ್ಕಿಯೊಳಗೂ ಇರೋ ಜೀನಿನ ಕತೆ ಎಲ್ಲ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು, "ಮೊದಲ ಮಚ್ಚೆ ಕಂಡಾಗ ಇದನ್ನ ಯಾರಾದ್ರೂ ಹೇಳಿದ್ದಿದ್ರೆ ಆಗ್ತಿತ್ತು ನೋಡು."

ಅದಕ್ಕೇ ಈ ಸಂಚಿಕೆ. ನಿಮ್ಮ ದೊಡ್ಡಪ್ಪನಿಗೋ, ಮಾವನಿಗೋ, ಹಾಸ್ಟೆಲ್ ರೂಮ್‌ಮೇಟಿಗೋ ಕೇಳಿಸಿ.